ಮೇಲಿನಿಂದ ಕಂಡದ್ದು

ಬೆಳೆ ತಿನ್ನುವ ಕಾಡುಹಂದಿಗಳನ್ನು ಸರ್ಕಾರ ಹೆಲಿಕಾಪ್ಟರಿನಿಂದ ಗುಂಡಿಟ್ಟು ಕೊಲ್ಲಿಸಿದ್ದು ಕಾನೂನಿಗೆ ವಿರುದ್ಧವೆಂದು ಪ್ರಾಣಿದಯಾ ಸಂಘದವರು ದಾವೆ ಹೂಡಿದ್ದರು. ಗುಂಡು ಹಾರಿಸಿದ ದೊರೆಸ್ವಾಮಿಯೇ ಸರ್ಕಾರದ ಕಡೆಯ ಸಾಕ್ಷಿ. ಆ ಹಾರಾಟ ಮುಗಿದಂದಿನಿಂದ ಅವನಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಮಿಕ್ಸಿ ತಿರುಗಿಸಿದರೂ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

"ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಕೇಸು ನಮ್ಮದೇ," ಎಂದು ಸರ್ಕಾರಿ ವಕೀಲರು ಮೊದಲೇ ಹೇಳಿಕೊಟ್ಟಿದ್ದರು.

ಸಂಘದ ವಕೀಲರು ಕಟಕಟೆಯ ಹತ್ತಿರ ಬಂದರು. "ಅಷ್ಟು ಎತ್ತರದಿಂದ, ಜೋಳದ ಹೊಲದೊಳಗೆ ಇರೋದು ಹಂದೀನೇ ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?"

"ಸದ್ದಿಗೆ ಬೆದರಿ ಓಡ್ತಿದ್ದವು ಸ್ವಾಮಿ. ಪೈರು ಅಲ್ಲಾಡಿದ ಕಡೆಗೆ ಹೊಡೀತಿದ್ದೆ."

"ಎಲ್ಲವೂ ಓಡಿದವಾ?"

ಸರ್ಕಾರಿ ವಕೀಲರು ಆಕ್ಷೇಪವೆತ್ತಿ ಎದ್ದು ನಿಂತರು. ನ್ಯಾಯಾಧೀಶರು ಕೈಸನ್ನೆ ಮಾಡಿ ಅವರನ್ನು ಕೂರಿಸಿ, "ನೀನು ಹೇಳಪ್ಪ," ಎಂದರು.

ದೊರೆಸ್ವಾಮಿ ನ್ಯಾಯಾಧೀಶರ ಕಡೆಗೆ ತಿರುಗಿದ.

"ಒಂದು ಓಡಲಿಲ್ಲ ಸ್ವಾಮಿ," ಎಂದ. "ಬಯಲಿಗೆ ಬಂದು ನಿಂತ್ಕೊಂಡು, ನನ್ನ ಕಡೆ ನೋಡಿ ಕೈ ಮುಗೀತಾ ಇತ್ತು."