ಕೈನಡುಕ

ಕೈನಡುಕಕ್ಕೆ ಯಾವ ಮಾತ್ರೆಯೂ ನಾಟದಿದ್ದಾಗ, ಮಗಳ ಕಾಟ ತಾಳಲಾರದೆ ನಿವೃತ್ತ ಇನ್‌ಸ್ಪೆಕ್ಟರ್ ಚನ್ನವೀರಯ್ಯ ಒಬ್ಬ ಚಿಕಿತ್ಸಕನ ಬಳಿ ಬಂದರು. ಔಷಧಿಯಿಲ್ಲ, ಸೂಜಿಯಿಲ್ಲ, ಅಂಗಾಲು ನೆಲಕ್ಕೂರಿ ನಿಧಾನವಾಗಿ ಉಸಿರಾಡಿದರೆ ಬೆದರಿದ ನರಗಳು ತಣಿಯುತ್ತವಂತೆ! ಮೂವತ್ತು ವರ್ಷ ಕಳ್ಳರನ್ನೇ ಕಂಡ ಕಣ್ಣಿಗೆ ಇವನೂ ಅದೇ ಪೈಕಿಯವನಂತೆ ಕಂಡ.

“ಯಾವ ಕಾಲೇಜಿನಲ್ಲಿ ಓದಿದ್ದೀಯ?”

“ಕಾಲೇಜಿಗಿಂತ ಮೊದಲು ಮೈಯೇ ಕಲಿಸಿತು ಸಾರ್. ಹನ್ನೊಂದು ವರ್ಷ ನನ್ನ ಕೈಯೂ ಹೀಗೇ ನಡುಗುತ್ತಿತ್ತು.”

“ಸುಳ್ಳು! ನಿನ್ನನ್ನು ಎಲ್ಲೋ ನೋಡಿದ್ದೇನೆ. ಯಾವ ಕೇಸು?”

ಅವನು ಅವರ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಮೆತ್ತಗೆ ಹಿಡಿದುಕೊಂಡ. ನಡುಕ ಇಳಿಯತೊಡಗಿತು.

“ಸರ ಕದ್ದ ಕೇಸು ಸಾರ್. ನಾಲ್ಕು ದಿನ ಹೊಡೆದ ಮೇಲೆ, ಕಳ್ಳ ಬೇರೆಯವನು ಅಂತ ಗೊತ್ತಾಗಿ ನೀವೇ ಬಿಟ್ಟು ಕಳಿಸಿದಿರಿ. ಈಗ ನಿಧಾನವಾಗಿ ಉಸಿರು ಬಿಡಿ.”