ಸಪ್ಪೆ ಮಳೆ

ಇಳಕಲ್ಲಿನಲ್ಲಿ ಹತ್ತೊಂಬತ್ತು ದಿನದಿಂದ ಬರೀ ಸಿಹಿ ಮಳೆ. ಊರಿನ ನಾಲಗೆಗೆ ಬೇರೆ ರುಚಿಯೇ ಮರೆತುಹೋಗಿತ್ತು. ಮಳೆ ಅಳೆಯುವ ನೀಲವ್ವ ಮಾಳಿಗೆ ಮೇಲೆ ನಿಂತು, ಬೆಳಕು ಎಷ್ಟು ಬಾಗಿತೆಂಬುದರಿಂದ ಸಿಹಿ ಎಷ್ಟೆಂದು ಹೇಳುವ ತನ್ನ ಮಾಪಕದ ಗಾಜಿಗೆ ಹೊಸ ಹನಿ ಬಿಟ್ಟಳು. ಒಳಗಿನ ನೆರಳಿನ ಗೆರೆ ಹನ್ನೆರಡಕ್ಕೆ ನಿಂತಿತು.

"ಇವತ್ತೂ ಪಾನಕ ಏನವಾ?" ಬಾಣಂತಿ ಮಗಳಿಗೆ ತಲೆಗೆ ನೀರೆರೆಯಲು ಸಪ್ಪೆ ಮಳೆಗೆ ಕಾದಿದ್ದ ಹುಸೇನಬಿ ಕೆಳಗಿನಿಂದ ಕೂಗಿದಳು.

"ತಡೀವಾ!" ಗಾಜಿಗೆ ನಿನ್ನೆಯ ಸಿಹಿ ಅಂಟಿತ್ತು. ಸೆರಗಿನಿಂದ ಒರೆಸಿದರೆ ಗೆರೆ ಹದಿನೈದಕ್ಕೇರಿತು, ಸೆರಗೂ ಪಾಕವೇ! ಕೊನೆಗೆ ಗಾಜನ್ನೇ ಮಳೆಗೆ ಒಡ್ಡಿ ಹಿಡಿದಳು. ಗೆರೆ ಒಂಬತ್ತಕ್ಕಿಳಿಯಿತು, ನಾಲ್ಕಕ್ಕಿಳಿಯಿತು, ಸೊನ್ನೆಗೆ ಬಂದು ಕೂತಿತು.

"ಸಪ್ಪೆ! ಅಪ್ಪಟ ಸಪ್ಪೆ!"

ಇಡೀ ಓಣಿ ಸೀಗೆಪುಡಿ ಹಿಡಿದು ಬೀದಿಗಿಳಿಯಿತು. ನೀಲವ್ವ ಮಾಪಕ ಕೆಳಗಿಟ್ಟು ತುರುಬು ಬಿಚ್ಚಿದಳು. ಅದರೊಳಗಿಂದ ಮೂರು ಇರುವೆ ದಿಕ್ಕೆಟ್ಟು ಓಡಿದವು.