ದಣಿವಿನ ಕಲ್ಲು

“ಗಡಿ ದಾಟಿದ್ರೆ ನಿನ್ನ ಲಾಮಾಗಳನ್ನ ಸುಟ್ಕೊಂಡು ತಿಂತೀನಿ, ಮುದುಕಿ!” ಎಂದು ಚಿಲಿಯ ಗಡಿಕಾವಲಿನ ಲೆದೆಸ್ಮಾ ಗದರಿದ. ಒರತೆ ಕಣ್ಣೆದುರೇ ಇತ್ತು, ಆದರೆ ಚಿಲಿಯ ನೆಲದಲ್ಲಿ. ಸರ್ಕಾರಗಳು ಗೆರೆ ಎಳೆಯುವ ಮೊದಲು ಮುದುಕಿ ಸತುರ್ನಿನಾಳ ಅಜ್ಜನ ಲಾಮಾ ಮಂದೆ ಕುಡಿದದ್ದೂ ಅದೇ ನೀರು.

“ನೀರು ಬೇಕಾದ್ರೆ ಸಾಹೇಬ್ರು ಬಂದು ಅಪ್ಪಣೆ ಕೊಡೋತನಕ ಅಲ್ಲಿ ಬಿದ್ದಿರು,” ಎಂದು ಅವನು ಠಾಣೆಯ ಬಾಗಿಲಲ್ಲಿದ್ದ ಹೊಸ ಕಲ್ಲುಕಟ್ಟೆಯನ್ನು ತೋರಿಸಿದ. ಕೂರಲು ಹೋದ ಸತುರ್ನಿನಾ ಥಟ್ಟನೆ ಹಿಂದೆ ಸರಿದಳು. ಬೆಟ್ಟದ ನೆತ್ತಿಯ ಕಲ್ಲುಗುಪ್ಪೆಯನ್ನು ಕಿತ್ತು ತಂದು ಕಟ್ಟಿದ್ದ! ಹತ್ತಿ ಬಂದವರೆಲ್ಲ ತಮ್ಮ ದಣಿವು, ರೋಗ, ದುಃಖವನ್ನು ಒಂದೊಂದು ಕಲ್ಲಿಗೆ ಉಜ್ಜಿ ಅಲ್ಲಿ ಬಿಟ್ಟುಹೋಗುತ್ತಿದ್ದರು. ಆ ಕಲ್ಲು ಸೋಕಿದವರಿಗೆ ಅದೆಲ್ಲ ಅಂಟುತ್ತದೆಂದು ಗುಪ್ಪೆಗೆ ಯಾರೂ ಕೈ ಹಾಕುತ್ತಿರಲಿಲ್ಲ. ಕಟ್ಟೆಯ ನಡುವಿನ ಬಿಳಿ ಗೆರೆಯ ಕಲ್ಲು ಅವಳದೇ. ಮಗನನ್ನು ಮಣ್ಣು ಮಾಡಿದ ದಿನ ಇಟ್ಟದ್ದು.

“ಮುಂದಿನ ವಾರ ನನ್ನ ಹೆಂಡ್ತಿ, ಮಗ ಬರ್ತಾರೆ. ಬಿಸಿಲು ಕಾಯಿಸ್ಕೊಳ್ಳೋಕೆ ಚೆನ್ನಾಗಿದೆ ಅಲ್ವಾ?” ಎಂದ ಲೆದೆಸ್ಮಾ.

ಹೇಳಿಬಿಡೋಣವೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ನೀರಿನತ್ತ ಓಡಿದ ಲಾಮಾ ಮರಿಯೊಂದನ್ನು ಅವನು ಬೂಟುಗಾಲಲ್ಲಿ ಒದ್ದ.

ಸತುರ್ನಿನಾ ಬಾಯಲ್ಲಿದ್ದ ಕೋಕಾ ಎಲೆಯನ್ನು ಇನ್ನೊಂದು ದವಡೆಗೆ ಸರಿಸಿದಳು. “ಚೆನ್ನಾಗಿದೆಯಪ್ಪಾ,” ಎಂದಳು. “ಮಗೂನ ಆ ಬಿಳಿ ಗೆರೆ ಕಲ್ಲಿನ ಮೇಲೇ ಕೂರ್ಸು.”